ಕ್ಲಾರಿಸಳ ದೋಣಿಯಡಿಯ ಮೂರು ಬಡಿತ

ಕಾರ್ನ್‌ವಾಲ್ ಕರಾವಳಿಯ ನಮ್ಮ ಬಂದರಿನಲ್ಲಿ ಕ್ಲಾರಿಸ್ ಟ್ರೆವೆಲ್ಲಳಷ್ಟು ಹಟಮಾರಿ ಹೆಂಗಸು ಇನ್ನೊಬ್ಬಳಿಲ್ಲ. ಎಪ್ಪತ್ತು ದಾಟಿದೆ, ಮಂಡಿ ಹೇಳಿದ ಮಾತು ಕೇಳುವುದಿಲ್ಲ, ಆದರೂ ಚಳಿಗಾಲ ಮುಗಿದೊಡನೆ ತನ್ನ ಹಾಯಿದೋಣಿಯ ತಳವನ್ನು ತಾನೇ ಕೆರೆಯಬೇಕು. ಆಳು ಕರೆ ಎಂದವರಿಗೆ, ನಿನ್ನ ಬೆನ್ನನ್ನು ಊರವರ ಕೈಲಿ ಉಜ್ಜಿಸಿಕೊಳ್ಳುತ್ತೀಯಾ ಎಂದು ಕೇಳಿ ಬಾಯಿ ಮುಚ್ಚಿಸುತ್ತಾಳೆ.

ದೋಣಿಗಳು ತಂಗುವ ಧಕ್ಕೆಯ ಗೋಡೆಗೆ ಒತ್ತಿಕೊಂಡಂತೆ ನೀರಿನ ತಳದಲ್ಲಿ ದಪ್ಪ ತೊಲೆಗಳನ್ನು ಹಾಸಿದ್ದೇವೆ. ದೊಡ್ಡ ಉಬ್ಬರದಲ್ಲಿ ದೋಣಿಯನ್ನು ಅವುಗಳ ಮೇಲೆ ತಂದು ಕಟ್ಟಬೇಕು. ನೀರು ಇಳಿದಾಗ ಅದು ಹೊಟ್ಟೆಯಡಿ ಹಲಗೆಯಂತೆ ಇಳಿದ ಕಬ್ಬಿಣದ ಕೀಲ್ ಮೇಲೆ ನಿಲ್ಲುತ್ತದೆ. ಆಚೆ ಮಗುಚದಿರಲೆಂದು ಗೋಡೆಯ ಕಡೆ ಡೆಕ್ ಮೇಲೆ ಲಂಗರಿನ ಸರಪಳಿ ರಾಶಿ ಹಾಕಿ ಒಂಚೂರು ವಾಲಿಸುತ್ತೇವೆ. ನೀರು ಮತ್ತೆ ಏರುವಷ್ಟರಲ್ಲಿ ಪಾಚಿ, ಚಿಪ್ಪು ಕೆರೆದು ಬಣ್ಣ ಬಳಿಯಬೇಕು. ಇದು ಇಬ್ಬರ ಕೆಲಸ. ಕೀಲ್‌ನ ಆಚೆ ಒಬ್ಬರು, ಈಚೆ ಒಬ್ಬರು, ಮುಖ ಕಾಣುವುದಿಲ್ಲ. ನೀರು ಬಂದದ್ದು ಕಂಡವರು ಕೀಲ್‌ಗೆ ಮೂರು ಸಲ ಬಡಿಯಬೇಕು. ಆಚೆಯಿಂದ ಮೂರು ಬಡಿತ ಮರಳಿ ಬರುವ ತನಕ ಮೇಲೆ ಹತ್ತುವಂತಿಲ್ಲ.

ಗೋಡೆಯ ಬದಿ ಅವಳ ಗಂಡ ಹೆಡ್ಲಿಯದಾಗಿತ್ತು. ಒಮ್ಮೆ ಬೇರೆಯವರ ದೋಣಿಯಲ್ಲಿ ಮೀನಿಗೆ ಹೋದವನು ವಾಪಸು ಬರಲಿಲ್ಲ, ಹೆಣವೂ ಸಿಗಲಿಲ್ಲ. ಮರುವರ್ಷ ಕ್ಲಾರಿಸ್ ಎರಡೂ ಬದಿ ಒಬ್ಬಳೇ ಕೆರೆದಳು. ಕೊನೆಗೆ ತನ್ನ ಬದಿಯಲ್ಲಿ ನಿಂತು ಮೂರು ಸಲ ಬಡಿದು ಉತ್ತರಕ್ಕೆ ಕಾದಳು. ನೀರು ಸೊಂಟಕ್ಕೆ ಬಂದರೂ ಕದಲಲಿಲ್ಲ. ಧಕ್ಕೆಯಲ್ಲಿ ಕೆಲಸಕ್ಕಿದ್ದ ನಾನು ಗೋಡೆಯ ಕಬ್ಬಿಣದ ಏಣಿಯಿಳಿದು, ಅವನ ಬದಿಯಿಂದ ಬಡಿದೆ. ಆಗ ಹತ್ತಿ ಬಂದಳು. ಅಂದಿನಿಂದ ಪ್ರತಿ ವರ್ಷ ಹೀಗೇ. ಆ ಬಗ್ಗೆ ಅವಳೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಈ ಸಲ ಮಂಜು ಕವಿದು ಮಧ್ಯಾಹ್ನವೇ ದೋಣಿಯಡಿ ಕತ್ತಲೆಯಾಗಿತ್ತು. ನಾನು ಏಣಿಗೆ ಕಾಲಿಡುವಷ್ಟರಲ್ಲಿ ಅವಳ ಬಡಿತ ಕೇಳಿಸಿತು. ಅದರ ಹಿಂದೆಯೇ ಗೋಡೆಯ ಬದಿಯಿಂದ ಮೂರು ಬಡಿತ. ಬಗ್ಗಿ ನೋಡಿದೆ. ಕಪ್ಪು ನೀರು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಕಾಲು ಹಿಂದೆಗೆದು ಡೆಕ್‌ಗೆ ದಾಟಿದೆ.

ಕ್ಲಾರಿಸ್ ತನ್ನ ಬದಿಯ ಹಗ್ಗದ ಏಣಿ ಹತ್ತಿ ಡೆಕ್‌ಗೆ ಬಂದಳು.

"ಇಷ್ಟು ವರ್ಷ ನಾಚ್ಕೊಳೋ ನೆಂಟನ ಹಾಗೆ ಬಡೀತಿದ್ದೆ, ಡೆಂಜಿಲ್. ಇವತ್ತು ಥೇಟ್ ಅವನ ಥರಾನೇ ಬಡಿದೆ."

ಅಭ್ಯಾಸವಾಯಿತು ಎಂದೆ. ನಿಜ ಹೇಳಿದರೆ ಅವಳು ಮತ್ತೆ ಆ ನೀರಿಗೆ ಇಳಿದುಬಿಡುತ್ತಾಳೆಂದು ಹೆದರಿದ್ದೆ. ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚೂ ಆಗಿತ್ತು.

ಡೆಕ್ ಮೇಲೆ ಇಬ್ಬರೂ ಕೂತು ಫ್ಲಾಸ್ಕಿನ ಚಹಾ ಹಂಚಿಕೊಂಡೆವು. ನೀರು ಏರಿತು, ದೋಣಿ ತೊಲೆ ಬಿಟ್ಟು ತೇಲಿತು. ಆಗ ಕೆಳಗಿನಿಂದ ಮತ್ತೆ ಮೂರು ಬಡಿತ. ಈ ಸಲ ಅದು ಉತ್ತರವಲ್ಲ, ಮೇಲೆ ಬರಲೇ ಎಂದು ಕೇಳುವ ಕರೆ.

ಲೋಟ ಹಿಡಿದಿದ್ದ ನನ್ನ ಎರಡೂ ಕೈಗಳನ್ನು ಕ್ಲಾರಿಸ್ ನೋಡಿದಳು. ಕೆರೆಯುವ ಉಳಿಯನ್ನು ಸೊಂಟದಿಂದ ತೆಗೆದು ಡೆಕ್‌ಗೆ ಒಮ್ಮೆ ಬಡಿದಳು. ಇನ್ನೊಮ್ಮೆ ಬಡಿದಳು. ಮೂರನೆಯದಕ್ಕೆ ಎತ್ತಿದ ಕೈಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

"ಬಿಡು ಡೆಂಜಿಲ್," ಅಂದಳು. "ಅವನು ನೀರಲ್ಲಿ ನಿಂತಿದಾನೆ."