ಬೀಳುವುದಕ್ಕೊಂದು ಸಾಲಿ

ಮಾಲು ಎಂದು ನೋಡಿದರೆ ಭಾಗ್ಯಾ ಮೊದಲ ನೋಟಕ್ಕೆ ಬೆಲೆ ಕಟ್ಟಿಸಿಕೊಳ್ಳುವ ಹೆಣ್ಣುಮಗಳಲ್ಲ. ಗಿಡ್ಡ ಆಳು, ಅಗಲ ಭುಜ, ದಪ್ಪ ಬೆರಳು, ಒಂದು ಕಿವಿ ಮುದುಡಿದ್ದು. ನೂಲು ಒರಟು, ನೇಯ್ಗೆ ಗಟ್ಟಿ, ಮೇಲೆ ಹೊಳಪಿಲ್ಲ. ಇಂಥ ಮಾಲನ್ನು ನಾವು ಅಂಗಡಿಯ ಮುಂದೆ ತೂಗುಹಾಕುವುದಿಲ್ಲ, ಹಿಂದಿನ ಹಲಗೆಗೆ ತಳ್ಳುತ್ತೇವೆ. ಬಾಳಿಕೆ ಬರುತ್ತದೆ, ಖರೆ. ಆದರೆ ಬಾಳಿಕೆ ಬರುವ ಬಟ್ಟೆಯಿಂದ ಬಟ್ಟೆ ವ್ಯಾಪಾರಿಗೇನು ಲಾಭ? ಕೊಂಡವನು ಮತ್ತೆ ಅಂಗಡಿ ಹತ್ತುವುದೇ ಇಲ್ಲ.

ತುಬಚಿ ಕಡೆಯ ಕುರಿಗಾರರ ಮನೆತನ ಅವಳದು. ಅಪ್ಪ ಜಕ್ಕಪ್ಪ ಈಗಲೂ ಕುರಿಗಳ ಹಿಂದೆ ಇದ್ದಾನೆ. ಮಗಳು ಸಾಲಿ ಓದುವಾಗ ಬೆಳಗಾವಿಯ ಕ್ರೀಡಾ ಹಾಸ್ಟೆಲ್ಲಿಗೆ ಹೋಗಿ, ಜೂಡೊ ಎಂಬ ಜಪಾನಿ ಕುಸ್ತಿ ಕಲಿತು ಬಂದಳು. ಈಗ ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕ್ಲರ್ಕು. ತಿಂಗಳ ಸಂಬಳ, ನೆರಳಿನ ಕೆಲಸ. ಅಷ್ಟಕ್ಕೆ ಸುಮ್ಮನಿದ್ದರೆ ಅವಳ ಮೇಲೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಬನಹಟ್ಟಿಯಲ್ಲಿ ನನ್ನ ಅಂಗಡಿಯ ಹಿಂದೆ, ಮಗ್ಗ ಮಾರಿದ ಮೇಲೆ ಖಾಲಿ ಬಿದ್ದ ಶೆಡ್ಡು ಇತ್ತು. ಸಂಜೆ ಮಕ್ಕಳಿಗೆ ಜೂಡೊ ಕಲಿಸುತ್ತೇನೆ, ಅದನ್ನು ಕೊಡಿ ಎಂದು ಕೇಳಿಕೊಂಡು ಬಂದಳು. ನಾನು ಕೇಳಿದ್ದು ಒಂದೇ ಪ್ರಶ್ನೆ: ಇದಕ್ಕೂ ಬಣ್ಣಬಣ್ಣದ ಬೆಲ್ಟು ಇರುತ್ತವೋ ಹೇಗೆ? ಬಿಳಿಯಿಂದ ಹಿಡಿದು ಕಪ್ಪಿನವರೆಗೆ ಎಲ್ಲ ಇರುತ್ತವೆ ಎಂದಳು. ಕೀಲಿಕೈ ಕೊಟ್ಟುಬಿಟ್ಟೆ. ಅದೇ ವಾರ ಎಲ್ಲ ಬಣ್ಣದಲ್ಲೂ ಪಟ್ಟಿ ನೇಯಿಸಿ ಪೆಟ್ಟಿಗೆ ತುಂಬಿಸಿದೆ.

ಆಮೇಲೆ ತಿಳಿಯಿತು ನನ್ನ ಗಿರಾಕಿಯ ಗುಣ. ಬಿಳಿ ಬಿಟ್ಟು ಹಳದಿಗೆ ಹೋಗಬೇಕಾದರೆ ಮೊದಲು ಬೀಳುವುದನ್ನು ಕಲಿಯಬೇಕಂತೆ. ಹಿಂದಕ್ಕೆ ಬೀಳಬೇಕು, ಮಗ್ಗುಲಿಗೆ ಬೀಳಬೇಕು. ಗದ್ದವನ್ನು ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಅಂಗೈಯಿಂದ ನೆಲಕ್ಕೆ ಬಡಿಯಬೇಕು. ಜೋಳದ ರಾಶಿ ಮುಗಿದು ಕಬ್ಬಿನ ಹಂಗಾಮು ಬಂದರೂ ಮಕ್ಕಳು ಬೀಳುತ್ತಲೇ ಇದ್ದವು. ಮನೆಯಲ್ಲಿ ಪುಕ್ಕಟೆ ಬೀಳುವ ಹುಡುಗರನ್ನು ಫೀ ಕೊಟ್ಟು ಏಕೆ ಬೀಳಿಸಬೇಕೆಂದು ತಾಯಂದಿರು ನನ್ನ ಅಂಗಡಿಗೇ ಬಂದು ಕೇಳತೊಡಗಿದರು. ನನಗೇನು ಗೊತ್ತು? ಇಡೀ ರಬಕವಿ-ಬನಹಟ್ಟಿಯಲ್ಲಿ ಗಿರಾಕಿಯನ್ನು ಕೆಳಗೆ ಕೆಡವಿ ದುಡ್ಡು ಕೇಳುವವಳು ಅವಳೊಬ್ಬಳೇ.

ಇನ್ನೊಂದು ಹುಚ್ಚು ಇದಕ್ಕಿಂತ ದೊಡ್ಡದು. ಬಿದ್ದವರು ಎದ್ದು, ತಮ್ಮನ್ನು ಬೀಳಿಸಿದವರಿಗೆ ಸೊಂಟ ಬಗ್ಗಿಸಿ ನಮಸ್ಕಾರ ಮಾಡಬೇಕು. ಎದುರಾಳಿ ಇಲ್ಲದಿದ್ದರೆ ವಿದ್ಯೆ ಎಲ್ಲಿಂದ ಬರಬೇಕು ಎಂಬುದು ಅವಳ ವಾದ. ಪೇಟೆಯಲ್ಲಿ ನನ್ನನ್ನು ಬೀಳಿಸಿದವರು ಬಹಳ ಜನ ಇದ್ದಾರೆ. ಅವರಿಗೆಲ್ಲ ಬಗ್ಗುತ್ತ ಹೋಗಿದ್ದರೆ ಇಷ್ಟು ಹೊತ್ತಿಗೆ ಅಂಗಡಿ ಅವರದಾಗಿ, ನಾನು ಬಗ್ಗಿದಲ್ಲೇ ಇರುತ್ತಿದ್ದೆ.

ಜಪಾನಿ ಚಾಪೆ ತರಿಸುವ ಶಕ್ತಿ ಅವಳಿಗಿರಲಿಲ್ಲ. ನಮ್ಮೂರ ಮಗ್ಗಗಳ ನೂಲಿನ ಕಸವನ್ನು ಗಾದಿಯಲ್ಲಿ ತುಂಬಿದಳು. ಅವಳ ತಾಯಿ ಯಲ್ಲಕ್ಕ ಮೇಲೆ ಕರಿ ಕಂಬಳಿ ಹೊಲಿದುಕೊಟ್ಟಳು. ಗೋಡೆಗೆ ಈ ವಿದ್ಯೆ ಹುಟ್ಟಿಸಿದ ಜಪಾನಿ ಮುದುಕನ ಫೋಟೊ ಬಂತು. ಮೂಗಿಗೆ ಮಾತ್ರ ಅದು ಜಪಾನಲ್ಲ, ಸೀದಾ ಕುರಿದೊಡ್ಡಿ.

ಎಡವಟ್ಟಾದದ್ದು ಆ ಕಂಬಳಿಯಿಂದಲೇ. ನಮ್ಮವ್ವ ಇಂದ್ರವ್ವನ ತವರಿನವರು ಬೀರಪ್ಪನ ಒಕ್ಕಲು. ಕಂಬಳಿ ಹಾಸಿದ ಕಡೆ ದೇವರ ಗದ್ದಿಗೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ದಿನ ಶೆಡ್ಡಿನಲ್ಲಿ ಇಣುಕಿದಳು. ಚಪ್ಪಲಿಗಳೆಲ್ಲ ಹೊರಗೆ, ಒಳಗೆ ಕರಿ ಕಂಬಳಿ, ಗೋಡೆಯ ಮೇಲೆ ಒಬ್ಬ ಹಿರಿಯ, ಹೋಗುವಾಗ ಬರುವಾಗ ತಲೆಬಾಗುವ ಮಕ್ಕಳು. ಮರುದಿನ ಭಂಡಾರದ ಚೀಲ ಹಿಡಿದು ಹೋಗಿ, ಜಪಾನಿ ಮುದುಕನ ಹಣೆಗೆ ಅರಿಷಿಣ ಹಚ್ಚಿ, ಕಂಬಳಿಯ ನಡುವೆ ಕೂತುಬಿಟ್ಟಳು.

ಭಾಗ್ಯಾ ಅರಿಷಿಣ ಒರೆಸಲಿಲ್ಲ. ಆದರೆ ತನ್ನ ಕಾಯಿದೆಯನ್ನೂ ಬಿಡಲಿಲ್ಲ.

"ಆಯಿ, ಇದರ ಮ್ಯಾಲ ಕಾಲಿಟ್ಟವರು ಬೀಳೂದು ಕಲೀಬೇಕ್ರಿ."

"ಎಪ್ಪತ್ತು ದಾಟೇತಿ ನನಗ. ಇನ್ನ ಬಿದ್ದರ ಒಮ್ಮೆಲೆ ಬೀಳಾಕಿ."

"ಹಂಗಾರ ಮೊದಲ ಕುಂತ ಬೀಳ್ರಿ."

ಹೀಗೆ ನಮ್ಮವ್ವ ದಿನಾ ಸಂಜೆ ಕಚ್ಚೆ ಬಿಗಿದು, ಕೂತಲ್ಲಿಂದ ಹಿಂದಕ್ಕೆ ಉರುಳಿ, ಎದ್ದು, ಎದುರಿಗಿದ್ದ ಮೂರನೇ ಇಯತ್ತೆಯ ಹುಡುಗಿಗೆ ನಮಸ್ಕಾರ ಹೇಳಿ ಮನೆಗೆ ಬರತೊಡಗಿದಳು. ಬರುಬರುತ್ತ ಕುಕ್ಕರಗಾಲಿನಿಂದ ಬಿದ್ದಳು, ಕಡೆಗೆ ನಿಂತಲ್ಲಿಂದಲೂ ಬಿದ್ದಳು. ಅವ್ವನಿಗೆ ಈಗ ಯಾವ ಬಣ್ಣ ಬಂತೆಂದು ಚಹಾದಂಗಡಿಯವನೂ ನನ್ನನ್ನು ಕೇಳುವಂತಾಯಿತು.

ಅಷ್ಟರಲ್ಲಿ ಜಮಖಂಡಿಯಿಂದ ಕರಾಟೆ ಕಲಿಸುವ ಪ್ರೇಮಕುಮಾರ ಮಾಸ್ತರ ಬಂದ. ಮಾಲು ಅಂದರೆ ಅದು. ಮಿರಿಮಿರಿ ಮಿಂಚುವ ಡ್ರೆಸ್ಸು, ಕರಿ ಬೆಲ್ಟಿನ ಮೇಲೆ ಜರಿಯಲ್ಲಿ ತನ್ನದೇ ಹೆಸರು. ಹಣೆಯಿಂದ ಹಂಚು ಒಡೆದು ತೋರಿಸಿದ. ಆ ಹಂಚನ್ನು ಭಟ್ಟಿಯಲ್ಲಿ ಸುಟ್ಟು ಮೊದಲೇ ಸಡಿಲ ಮಾಡಿದ್ದಾನೆಂದು ಮುಟ್ಟಿದ ಕೂಡಲೇ ನನಗೆ ಗೊತ್ತಾಯಿತು. ನಾವೂ ಸೀರೆಗೆ ಗಂಜಿ ಹಾಕುವವರೇ, ಹೇಳಲಿಲ್ಲ. ಹಬ್ಬಕ್ಕೊಂದು ಬೆಲ್ಟು, ಯಾರೂ ನಪಾಸಾಗುವುದಿಲ್ಲ ಎಂದ. ಶೆಡ್ಡು ತನಗೆ ಬಿಟ್ಟುಕೊಟ್ಟರೆ ನನ್ನ ಪೆಟ್ಟಿಗೆಯ ಪಟ್ಟಿಗಳನ್ನೆಲ್ಲ ಎತ್ತುತ್ತೇನೆಂದ.

ಅಮವಾಸ್ಯೆ ಕಳೆದ ಮೇಲೆ ಜಾಗ ಬಿಡು ಎಂದು ಭಾಗ್ಯಾಳಿಗೆ ಹೇಳಿದೆ. ಊರಲ್ಲಿ ಬೇರೆ ಜಾಗ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಗಾದಿಗಳು ತುಬಚಿಗೆ ಹೋದರೆ ಅವಳ ಸಾಲಿ ಅಲ್ಲಿಗೆ ಮುಗಿಯಿತು.

"ಹುಡುಗರು ಈಗರ ಬೀಳೂ ಅಂಜಿಕಿ ಬಿಟ್ಟಾವ್ರಿ ಸಾವಕಾರ್ರ. ಇನ್ನೊಂದು ಹಂಗಾಮು ಕೊಡ್ರಿ."

"ನಿನ್ನ ಹಂಗಾಮಿನ್ಯಾಗ ಬರೇ ಬೀಳೂದ ಬೆಳಿತೈತಿ, ತಂಗಿ."

ಅವಳು ಜಗಳಕ್ಕೆ ನಿಲ್ಲಲಿಲ್ಲ. ಸೊಂಟ ಬಗ್ಗಿಸಿ ನಮಸ್ಕರಿಸಿ ಹೋದಳು. ಬೀಳಿಸಿದವರಿಗೆ ಮಾಡುವ ಅದೇ ನಮಸ್ಕಾರ. ಅಂದು ನನಗೆ ಊಟ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ಉಂಡೆ.

ಅಮವಾಸ್ಯೆಯ ದಿನ ಅವ್ವನನ್ನು ಹೊಳೆಯ ಸ್ನಾನಕ್ಕೆ ಚಿಕ್ಕಪಡಸಲಗಿಗೆ ಕರೆದೊಯ್ದೆ. ಸ್ನಾನ ಮುಗಿಸಿ, ತಂಬಿಗೆ ತುಂಬಿಕೊಂಡು ತಿರುಗುವಾಗ ಪಾಚಿಗಟ್ಟಿದ ಕಲ್ಲಿನ ಮೇಲೆ ಅವಳ ಕಾಲು ಜಾರಿತು. ನಾನು ಮೇಲೆ ಟಾವೆಲ್ಲು ಹಿಡಿದು ನಿಂತಿದ್ದೆ. ನಮ್ಮ ಓಣಿಯ ಬೋರವ್ವ ಬಚ್ಚಲಲ್ಲಿ ಹೀಗೇ ಹಿಂದಕ್ಕೆ ಬಿದ್ದು ಸೊಂಟ ಮುರಿದುಕೊಂಡವಳು ಮತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಅದೇ ನೆನಪಾಯಿತು.

ಅವ್ವ ತಂಬಿಗೆಯನ್ನು ಕೈಬಿಟ್ಟಳು. ನಮ್ಮ ಮನೆತನದಲ್ಲಿ ಬೀಳುವಾಗ ಕೈಯಲ್ಲಿದ್ದುದನ್ನು ಬಿಟ್ಟವರನ್ನು ನಾನು ನೋಡಿದ್ದು ಅದೇ ಮೊದಲು. ಗದ್ದ ಎದೆಗೆ ಹೋಯಿತು, ಬೆನ್ನು ದುಂಡಾಯಿತು, ಅಂಗೈ ಕಲ್ಲಿಗೆ ಫಟ್ಟೆಂದು ಬಡಿಯಿತು. ನಾನು ಇಳಿದು ಹೋಗುವಷ್ಟರಲ್ಲಿ ಎದ್ದು ನಿಂತಿದ್ದಳು. ಅಂಗೈ ಕೆಂಪಾಗಿತ್ತು, ಮೊಣಕೈ ತುಸು ತರಚಿತ್ತು. ಸೆರಗು ಸರಿಮಾಡಿಕೊಂಡು, ತನ್ನನ್ನು ಬೀಳಿಸಿದ ಆ ಕಲ್ಲಿಗೆ ಬಗ್ಗಿ ನಮಸ್ಕಾರ ಮಾಡಿದಳು.

ತಿರುಗಿ ಬರುವಾಗ ಗಾಡಿ ಜಮಖಂಡಿ ದಾಟಿತು. ಆಮೇಲೆ ಕೇಳಿದಳು: "ಗದ್ದಗಿ ಎತ್ತಸಾಕತ್ತೀಯಂತಲ್ಲ ಲೇ?"

ಅದು ಗದ್ದಿಗೆಯಲ್ಲ, ನಾನು ಮಾಡುತ್ತಿರುವುದು ವ್ಯಾಪಾರ ಎಂದೆ.

"ಎತ್ತಸು. ಮೊದಲ ನನ್ನ ಎತ್ತಿ ಹೊರಗಿಡು. ನಾ ಅದರ ಮ್ಯಾಲ ಕುಂತಿರತೀನಿ."

ಶೆಡ್ಡು ಭಾಗ್ಯಾಳಿಗೇ ಉಳಿಯಿತು. ಪ್ರೇಮಕುಮಾರ ರಬಕವಿಯಲ್ಲಿ ಬೇರೆ ಜಾಗ ಹಿಡಿದ, ಬೆಲ್ಟನ್ನೂ ಬೇರೆಯವರಲ್ಲೇ ಕೊಂಡ. ನನ್ನ ಪಟ್ಟಿಗಳಿಂದ ಈಗ ಸೀರೆಯ ಗಂಟು ಕಟ್ಟುತ್ತಿದ್ದೇವೆ. ಭಾಗ್ಯಾ ಮೊನ್ನೆ ಹಳದಿ ಬಣ್ಣದ್ದು ಬೇಕೆಂದು ಬಂದಾಗ ಪೆಟ್ಟಿಗೆಯನ್ನೇ ಮುಂದಿಟ್ಟೆ. ಆರಿಸಿ ಆರಿಸಿ ಒಂದನ್ನು ತೆಗೆದುಕೊಂಡು, ಉಳಿದವರು ಇನ್ನೂ ಬೀಳಬೇಕ್ರಿ ಎಂದು ಹೋದಳು. ವ್ಯಾಪಾರಕ್ಕೆ ಅವಳು ದಂಡ ಎಂಬ ನನ್ನ ಮಾತಿನಲ್ಲಿ ಬದಲಿಲ್ಲ.

ಆದರೆ ನಮ್ಮವ್ವ ಇಂದು ತನ್ನ ಕಾಲ ಮೇಲೆ ಓಡಾಡುತ್ತಿರುವುದು ಅವಳಿಂದ. ಅದಕ್ಕಾಗಿ ಭಾಗ್ಯಾಳಿಗೆ ನಾನು ಸೊಂಟ ಬಗ್ಗಿಸಿ ಒಂದು ನಮಸ್ಕಾರ ಮಾಡಬೇಕು. ಇನ್ನೂ ಮಾಡಿಲ್ಲ.