ಅರಿಶಿನ ಹತ್ತಿದ ಹಳೇ ರೂಪಾಯಿ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ಮೇಜಿನ ಮುಂದೆ ಕೂತು ನಾನು ಬುಷ್ಷು, ಪಿನ್ನುಗಳ ಅಳತೆ ನೋಡುತ್ತಿದ್ದ ಕಾಲ. ಆ ಕಡೆಗೆ ಮೆಟ್ರೋ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಖಾಲಿಯಾದ ಮೇಲೆ ನನ್ನದೊಂದು ಚಾಳಿ ಇತ್ತು. ಪರ್ಸಿನ ಚಿಲ್ಲರೆಯನ್ನೆಲ್ಲ ಮೇಜಿನ ಮೇಲೆ ಸುರಿದು, ಡಯಲ್ ಗೇಜ್ ನಿಲ್ಲಿಸುವ ಮ್ಯಾಗ್ನೆಟ್ಟಿಗೆ ಒಂದೊಂದನ್ನೇ ಹಿಡಿದು ನೋಡುವುದು. ಹೊಸ ಸ್ಟೀಲ್ ನಾಣ್ಯ ಟಕ್ಕೆಂದು ಅಂಟುತ್ತದೆ, ಅದರಲ್ಲೇನೂ ವಿಶೇಷವಿಲ್ಲ. ನಮ್ಮ ಬಾಲ್ಯದ ದಪ್ಪ ರೂಪಾಯಿ ತಾಮ್ರ ಬೆರೆತದ್ದು; ಜಪ್ಪಯ್ಯ ಅಂದರೂ ಅಂಟುವುದಿಲ್ಲ. ಅದಕ್ಕೂ ಹಿಂದಿನದು ಅಪ್ಪಟ ನಿಕ್ಕಲ್ಲು. ನೋಡಲು ಮಂಕಾಗಿದ್ದರೂ ಮ್ಯಾಗ್ನೆಟ್ ಕಂಡರೆ ಹಾರಿ ಕೂರುತ್ತದೆ. ಅಂಥದ್ದು ಸಿಕ್ಕ ದಿನ ನನಗೆ ಹಬ್ಬ; ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದೆ.

"ಏನ್ ಮೇಡಂ, ಚಿಲ್ರೇನೂ ರಿಜೆಕ್ಟ್ ಮಾಡ್ತಿದೀರಾ?" ಎಂದು ಲೇತಿನವರು ರೇಗಿಸುತ್ತಿದ್ದರು. ಅನ್ನಲಿ ಬಿಡಿ. ಒಂದು ಸಲ ಬಸ್ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಒಂದು ಕಡೆ ರಾಜನ ತಲೆ, ಇನ್ನೊಂದು ಕಡೆ ಹುಲಿ ಇದ್ದ ನಾಲ್ಕಾಣೆಯ ಪಾವಲಿ ಬಂದಿತ್ತು. ಇಷ್ಟು ವರ್ಷ ಇದು ಯಾರ ಮನೆಯ ಸಾಸಿವೆ ಡಬ್ಬಿಯಲ್ಲಿತ್ತು, ಇವತ್ತೇ ಯಾಕೆ ಹೊರಗೆ ಬಂತು ಎಂದು ಯೋಚಿಸುತ್ತ ನಾನು ಎರಡು ಸ್ಟಾಪು ಮುಂದೆ ಹೋಗಿ ಇಳಿದಿದ್ದೆ. ಪರರ ಚಿಂತೆ ನಮಗೇತಕಯ್ಯ ಎನ್ನುವ ಜಾತಿಯವಳು ನಾನಲ್ಲ.

ಒಂದು ವಾರ ಕೆಲಸದ ಒತ್ತಡದಲ್ಲಿ ಚಿಲ್ಲರೆ ಮುಟ್ಟಿರಲಿಲ್ಲ; ಶನಿವಾರ ಮ್ಯಾಗ್ನೆಟ್ಟಿಗೆ ಹಾರಿ ಕೂತದ್ದು ಅಗಲವಾದ ರೂಪಾಯಿ. ಒಂದು ಕಡೆ ಸಿಂಹಗಳು, ಇನ್ನೊಂದು ಕಡೆ ಗೋಧಿಯ ತೆನೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಅಚ್ಚಾದದ್ದು. ಬಿಡಿಸಿಕೊಂಡು ಬೆಳಕಿಗೆ ಹಿಡಿದೆ. ಆದರೆ ಅಕ್ಷರಗಳ ಸಂದಿಯಲ್ಲೆಲ್ಲ ಹಳದಿ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದೆ, ಹೋಗಲಿಲ್ಲ. ತುಕ್ಕಲ್ಲ, ಗ್ರೀಸಂತೂ ಅಲ್ಲ. ಮತ್ತೇನು?

ಆ ಚಿಲ್ಲರೆ ಬಂದದ್ದು ನಮ್ಮ ಓನರಮ್ಮನ ಅಂಗಡಿಯಿಂದ. ಮಾದನಾಯಕನಹಳ್ಳಿಯಲ್ಲಿ ಅವರ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಸಾಲು ರೂಮುಗಳಿದ್ದವು. ಒಂದರಲ್ಲಿ ನಾವಿದ್ದೆವು, ಮುಂದುಗಡೆ ಆಯಮ್ಮನ ಹಾಲು, ಬ್ರೆಡ್ಡಿನ ಅಂಗಡಿ. ಸಂಜೆ ಹೋಗಿ ನಾಣ್ಯ ತೋರಿಸಿದೆ. ಓನರಮ್ಮ ಅದನ್ನು ಮೂಗಿನ ಹತ್ತಿರ ಹಿಡಿದು ಬೆಚ್ಚಿಬಿದ್ದರು.

"ಅಯ್ಯೋ, ಇದು ಮುಡಿಪಿನ ಕಾಸು ಕಣವ್ವ! ಅರಿಸಿನದ ಬಟ್ಟೇಲಿ ಕಟ್ಟಿದ್ದು. ದ್ಯಾವ್ರಿಗೆ ಅಂತ ಕಟ್ಟಿದ್ನ ಯಾರಾದ್ರೂ ಅಂಗ್ಡೀಗೆ ತತ್ತಾರಾ? ನಿನ್ ಡಬ್ಬೀಲಿ ಇಕ್ಕೋಬ್ಯಾಡ ಕಣೆ."

"ಯಾರು ಕೊಟ್ಟಿದ್ದು ಅಂತ ನೆನಪಿದ್ಯಾ ಅಮ್ಮಾ?"

ಅವರು ಕೊನೆಯ ರೂಮಿನತ್ತ ನೋಡಿದರು. ಅಲ್ಲಿದ್ದವರು ಕೊಪ್ಪಳದ ಕಡೆಯ ಗಂಡ ಹೆಂಡತಿ. ಗಂಡ ಹೆದ್ದಾರಿಯ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಅವರ ಮಗಳು ಎರಡು ವರ್ಷ ತುಂಬಿದರೂ ಹೆಜ್ಜೆ ಇಟ್ಟಿರಲಿಲ್ಲ. ಅವಳು ನಡೆದರೆ ನಿನ್ನ ಗುಡ್ಡಕ್ಕೆ ಕರೆತರುತ್ತೇವೆ ಎಂದು ಎಲ್ಲಮ್ಮನಿಗೆ ಹರಕೆ ಹೊತ್ತಿದ್ದರು. ಈಗ ಮಗು ಓಣಿಯ ಉದ್ದಕ್ಕೂ ಓಡಾಡುತ್ತಿತ್ತು. ಬರುವ ವಾರ ಗುಡ್ಡಕ್ಕೆ ಹೊರಟಿದ್ದರು. ಆದರೆ ಗಂಡ ಮಾತ್ರ ರಜಾ ಸಿಗುವುದಿಲ್ಲ, ತಾನು ಬರುವುದಿಲ್ಲ ಎಂದು ಹಟ ಹಿಡಿದಿದ್ದಾನೆ, ಅಪ್ಪನಿಲ್ಲದೆ ಹರಕೆ ತೀರುವುದು ಹೇಗೆ ಎಂದು ಆ ಹುಡುಗಿ ನಲ್ಲಿಯ ಹತ್ತಿರ ಅತ್ತದ್ದು ಸಾಲಿಗೆಲ್ಲ ಗೊತ್ತಿತ್ತು.

"ಸೋಮ್ವಾರ ಬೆಳಿಗ್ಗೆ ಆ ಮಗೀನ ಅಪ್ಪ ಆಲಿಗೆ ಬಂದಿದ್ದ. ಒಂದು ರೂಪಾಯಿ ಕಮ್ಮಿ ಇತ್ತು," ಎಂದರು ಓನರಮ್ಮ. "ಬೋಣಿ ಒತ್ನಲ್ಲಿ ಸಾಲ ಕೊಡಾಕಿಲ್ಲ ಅಂದೆ. ಓಗಿ ತಂದುಕೊಟ್ಟ. ಆಮ್ಯಾಕೆ ಸಂಜೆ ಬಂದು, ದೊಡ್ಡ ಹಳೇ ರೂಪಾಯಿ ಐತಾ ಅಂತ ಗಲ್ಲಾ ಎಲ್ಲ ತಡಕಿಸ್ದ. ಎಲ್ಲಿಂದ ತರ್ಲಿ? ಅಷ್ಟೊತ್ಗೆ ನಿನ್ಗೆ ಕೊಟ್ಬಿಟ್ಟಿದ್ನಲ್ಲ."

ರಜೆಯ ಕಥೆ ಏನೆಂದು ನನಗೆ ಹೊಳೆದದ್ದು ಆಗ. ಅವನಿಗೆ ದೇವಿಯ ಮುಂದೆ ನಿಲ್ಲುವ ಧೈರ್ಯವಿರಲಿಲ್ಲ.

ನಾಣ್ಯ ಕೊಡಲು ನನಗೇನೂ ಮನಸ್ಸಿರಲಿಲ್ಲ. ಹಾಗೆಂದರೆ ಯಾರು ಏನಂದುಕೊಂಡರೂ ಸರಿ, ಅಂಥ ರೂಪಾಯಿ ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಆದರೂ ಭಾನುವಾರ ಬೆಳಿಗ್ಗೆ ಅವನು ರೂಮಿನ ಮುಂದೆ ಬಟ್ಟೆ ಹಿಂಡುತ್ತಿದ್ದಾಗ ಹೋಗಿ ಅಂಗೈ ಬಿಚ್ಚಿ ತೋರಿಸಿದೆ. ಅವನ ಕೈಯಲ್ಲಿದ್ದ ಅಂಗಿ ಬಕೆಟ್ಟಿಗೆ ಬಿತ್ತು.

"ಅಕ್ಕಾರ, ಸಣ್ಣಗೆ ಮಾತಾಡ್ರಿ," ಎಂದ. "ಕೂಸು ಹಸದು ಅಳಾಕತ್ತಿತ್ರಿ. ರೂಪಾಯಿಗೆ ರೂಪಾಯಿ, ಸಂಜಿಗೆ ಬ್ಯಾರೆ ಇಟ್ರಾತು ಅಂದ್ಕೊಂಡೆ. ಇಟ್ಟೂ ಇಟ್ಟೆ. ಖರೇ ಅಂದ್ರ ಅವತ್ತಿಂದ ನಿದ್ದಿ ಇಲ್ರಿ. ಅದು ನನ್ನ ಹೆಣ್ತಿಗೆ ಆಕಿ ಅಜ್ಜಿ ಕೊಟ್ಟ ರೂಪಾಯಿ. ಆಕಿಗೆ ಗೊತ್ತಾದ್ರ, ನಾಳೆ ಕೂಸಿನ ಕಾಲು ನೊಂದ್ರೂ ನನ್ನ ಮ್ಯಾಲೇ ಬರತೈತ್ರಿ."

ಆಕೆ ಇಲ್ಲದಾಗ ಬದಲಾಯಿಸಿಬಿಡು ಎಂದು ನಾನು ಪಿಸುಗುಡುವಷ್ಟರಲ್ಲಿ, ಆಕೆ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಿಗೆ ಬಂದು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಅರಿಶಿನದ ಬಟ್ಟೆಯ ಪುಟ್ಟ ಗಂಟು. ಬೇರೆಯವರ ಸಂಸಾರದಲ್ಲಿ ಮೂಗು ತೂರಿಸಿದ್ದಕ್ಕೆ ತಕ್ಕ ಶಾಸ್ತಿ ಅಂದುಕೊಂಡೆ.

ಆಕೆ ಗಂಟನ್ನು ನನ್ನ ಮುಂದೆ ಹಿಡಿದಳು. "ನೋಡ್ರಿ ಅಕ್ಕಾರ. ಮುಡಿಪಿಗೆ ಯಾರರ ಹಿಂಗ ಗಂಟು ಹಾಕ್ತಾರೇನ್ರಿ?"

ನೋಡಿದೆ. ದಾರವನ್ನು ಸುತ್ತಿ ಸುತ್ತಿ, ಎಳೆದು, ಕೊನೆಯಲ್ಲಿ ಕುಣಿಕೆ ತಿರುಚಿ ಬಿಗಿದಿದ್ದ ಗಂಟು. ಸಿಮೆಂಟಿನ ಖಾಲಿ ಚೀಲಗಳಿಗೆ ಏನಾದರೂ ತುಂಬಿ ಬಾಯಿ ಕಟ್ಟುವಾಗ ಗೋದಾಮಿನವರು ಹಾಕುವಂಥದ್ದು. ಹತ್ತು ಮೂಟೆ ಎಳೆದರೂ ಬಿಚ್ಚುವಂತಿರಲಿಲ್ಲ. ದೇವಿಗೆ ಕಟ್ಟಿದ ಒಂದು ರೂಪಾಯಿಗೆ ಅಷ್ಟು ಬಿಗಿ!

"ಮರುದಿನಾನ ಗೊತ್ತಾತ್ರಿ ನನಗ," ಎಂದಳು. ಅವನು ನೆಲ ನೋಡುತ್ತ ನಿಂತಿದ್ದ. "ಅವನರ ಹೇಳಲಿ ಅಂತ ಸುಮ್ಮನಿದ್ದೆ. ಹೇಳೂದು ಬಿಟ್ಟು ರಜಾ ಇಲ್ಲ ಅಂತ ಕುಂತಾನ. ಕೂಸಿಗೆ ಹಾಲು ತಂದದ್ದಕ್ಕ ಸಿಟ್ಟಾಗೂ ದೇವರ ಹತ್ರ ನಾ ಯಾಕ ಹೋಗ್ಲಿ? ಎಲ್ಲಮ್ಮ ತಾಯಿ ಅಲ್ಲೇನ್ರಿ?"

ಮಗು ನನ್ನ ಅಂಗೈಯಲ್ಲಿದ್ದ ರೂಪಾಯಿಗೆ ಕೈ ಚಾಚುತ್ತಿತ್ತು. ನಾನು ಅದನ್ನು ತಾಯಿಯ ಕೈಗೆ ಕೊಟ್ಟೆ. ಆಕೆ ಅಲ್ಲೇ ಹೊಸ್ತಿಲ ಮೇಲೆ ಕೂತು, ಹಲ್ಲು ಉಗುರು ಎರಡನ್ನೂ ಹಚ್ಚಿ ಆ ಗಂಟು ಬಿಚ್ಚಿದಳು. ಒಳಗೆ ಮಿರಿಮಿರಿ ಹೊಳೆಯುವ ಹೊಸ ರೂಪಾಯಿ. ಅದನ್ನು ತೆಗೆದು ಗಂಡನಿಗೆ ವಾಪಸು ಕೊಡುತ್ತಾಳೆ ಎಂದುಕೊಂಡೆ. ಕೊಡಲಿಲ್ಲ. ಹಳೆಯದನ್ನು ಅದರ ಪಕ್ಕದಲ್ಲೇ ಇಟ್ಟಳು.

"ಇದು ಅಜ್ಜಿ ಕೊಟ್ಟದ್ದು. ಇದು ನೀ ಹೊತ್ತು ದುಡದದ್ದು," ಎಂದು ಬಟ್ಟೆಯನ್ನೂ ದಾರವನ್ನೂ ಅವನ ಮುಂದೆ ಹಿಡಿದಳು. "ಎರಡೂ ಹೋಗಲಿ. ನೀನ ಕಟ್ಟು."

ಅವನು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡು ಕೂತ. ಅವನಿಗೆ ಬರುತ್ತಿದ್ದದ್ದು ಅದೊಂದೇ ಗಂಟು, ಅದನ್ನೇ ಹಾಕಿದ.

"ಈಗ ಕೊಡ್ತಾರೇನು ರಜಾ?" ಎಂದಳು ಆಕೆ.

ಅವನು ಗಂಟನ್ನು ಎದೆಗೆ ಒತ್ತಿಕೊಂಡು, ಹ್ಞೂಂ, ಕೊಡ್ತಾರ ಎಂದು ತಲೆಯಾಡಿಸಿದ.