ಒಗೆಯುವ ಕಲ್ಲಿನೊಳಗಿನ ಮರ

ಅಕ್ಕನ ಮನೆಯಲ್ಲೇ ಬೆಳೆದ ತಂಗಿಗೆ ವಸ್ತುಸಂಗ್ರಹಾಲಯದಲ್ಲಿ ನೌಕರಿ. ಜನ ತಂದು ತೋರಿಸುವ ಕಲ್ಲು ಯಾವ ಜಾತಿಯದೆಂದು ಹೇಳುವುದು ಅವಳ ಕೆಲಸ. ತನ್ನ ಬಿಳಿ ಕೋಟನ್ನು ಒಂದು ದಿನವೂ ತಾನೇ ಒಗೆದವಳಲ್ಲ. ಸ್ಕೂಲಿನ ಲಂಗದಿಂದ ಹಿಡಿದು ಅವಳ ಬಟ್ಟೆಯೆಲ್ಲ ಹಿತ್ತಲ ಕಲ್ಲಿನ ಮೇಲೆ, ಅಕ್ಕನ ಕೈಯಲ್ಲೇ ಬೆಳ್ಳಗಾಗಿತ್ತು.

ಹಿತ್ತಲಲ್ಲಿ ಹೊಸ ಬಚ್ಚಲು ಕಟ್ಟಿಸುವ ಮಾತು ಬಂದಾಗ ಅಕ್ಕ ಆ ಕಲ್ಲು ತೋರಿಸಿದಳು. "ಇದು ಮರ ಕಣೇ, ಕಲ್ಲಾಗಿರೋ ಮರ. ಒದ್ದೆಯಾದಾಗ ಸುತ್ತು ಸುತ್ತು ಗೆರೆ ಕಾಣುತ್ತೆ. ಇಪ್ಪತ್ತು ವರ್ಷದಿಂದ ನೋಡ್ತಿದ್ದೀನಿ. ಪರೀಕ್ಷೆ ಮಾಡಿ ಹೇಳ್ತೀಯಾ?"

ಭಾವ ಪೇಪರಿನ ಹಿಂದಿನಿಂದಲೇ, "ಮರವಾದ್ರೆ ಒಲೆಗೆ ಹಾಕು, ಗ್ಯಾಸ್ ಉಳಿಯುತ್ತೆ" ಎಂದರು.

ತಂಗಿ ಚೀಲದಿಂದ ಆಸಿಡ್ ಸೀಸೆ ತೆಗೆದು ಒಂದು ಹನಿ ಬಿಟ್ಟಳು. ಬುಸ್ಸೆಂದು ನೊರೆ ಎದ್ದಿತು. "ಬರೀ ಸುಣ್ಣದಕಲ್ಲು ಅಕ್ಕ!" ಭಾವನ ಜೊತೆ ತಾನೂ ನಕ್ಕಳು. ಮರುದಿನ ಗಾರೆ ಕೆಲಸದವನು ಕಲ್ಲನ್ನು ಒಡೆದು ಬಚ್ಚಲ ನೆಲದಡಿ ತುಂಬಿದ.

ಆ ಸಂಜೆ ಒಂದು ಚೂರು ತಂಗಿಯ ಕಾಲಿಗೆ ಸಿಕ್ಕಿತು. ಒಡೆದ ಹೊಸ ಮೈಗೆ ಭೂತಗನ್ನಡಿ ಹಿಡಿದಳು. ಉಂಗುರಗಳು, ಸೂಜಿಮೊನೆಯಷ್ಟು ಸಣ್ಣ ರಂಧ್ರಗಳ ಸಾಲು. ಸುಣ್ಣದಕಲ್ಲಿಗೆ ಬೀಳುವ ಗೀರು ಚಾಕು ಎಳೆದರೂ ಬೀಳಲಿಲ್ಲ. ಆಸಿಡ್ ಹನಿ ನೀರಿನಂತೆ ಸುಮ್ಮನೆ ಕೂತಿತು. ಹಿಂದಿನ ದಿನ ನೊರೆ ಕಾರಿದ್ದು ಕಲ್ಲಲ್ಲ, ಅದರ ಮೇಲೆ ವರ್ಷಗಟ್ಟಲೆ ಕಟ್ಟಿದ್ದ ಗಡಸು ನೀರಿನ ಸುಣ್ಣದ ಪೊರೆ. ಮೊದಲು ಮೇಲ್ಮೈ ಕೆರೆಯಬೇಕು, ಆಮೇಲೆ ಹನಿ ಬಿಡಬೇಕು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಅವಳೇ ಹೇಳಿಕೊಡುವ ಪಾಠವದು. ಒಂದೇ ಒಂದು ದಿನ ತಾನೇ ಆ ಕಲ್ಲನ್ನು ಉಜ್ಜಿದ್ದರೂ ಪೊರೆ ಕೈಗೆ ತಿಳಿಯುತ್ತಿತ್ತು.

ಚೂರು ನಾಲ್ಕು ದಿನ ಪರ್ಸಿನಲ್ಲೇ ಇತ್ತು. ಅಷ್ಟರಲ್ಲಿ ಅಕ್ಕ, ಕಲ್ಲಿಲ್ಲದೆ, ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಎರಡು ಕೋಟು ಒಗೆದು ಇಸ್ತ್ರಿ ಮಾಡಿಟ್ಟಿದ್ದಳು. ಐದನೆಯ ದಿನ ತಂಗಿ ಚೂರನ್ನು ತೆಗೆದು ಅಕ್ಕನ ಕೈಗಿಟ್ಟಳು.

"ಅಕ್ಕ, ಅದು ಮರಾನೇ. ನಾನು ತಪ್ಪು ಹೇಳ್ದೆ."

ಅಕ್ಕ ಚೂರನ್ನು ನಲ್ಲಿಯಡಿ ಹಿಡಿದಳು. ಗೆರೆಗಳು ಎದ್ದು ಬಂದವು. "ಯಾವತ್ತು ಗೊತ್ತಾಯ್ತು?"

"ಒಡೆದ ದಿನಾನೇ."

"ಹೂಂ. ನನಗ್ಯಾಕೆ ಹೇಳ್ತೀಯ, ನನಗೆ ಮೊದಲೇ ಗೊತ್ತಿತ್ತು. ನಿಮ್ಮ ಭಾವನಿಗೆ ಹೇಳು. ಟೀವಿ ಆರಿಸಿ ಹೇಳು."

ತಂಗಿ ಹೋಗಿ ಟೀವಿ ಆರಿಸಿದಳು. "ಭಾವ, ಅಕ್ಕ ಹೇಳಿದ್ದೇ ಸರಿ."

"ಯಾವುದು?" ಎಂದರು ಭಾವ. ಅವರಿಗೆ ಮರೆತೇ ಹೋಗಿತ್ತು.

ಅವಳು ಮೊದಲಿನಿಂದ ಹೇಳಬೇಕಾಯಿತು. ಆಸಿಡ್ ಹನಿ, ಪೊರೆ, ಬಚ್ಚಿಟ್ಟ ನಾಲ್ಕು ದಿನ. "ನಾನೂ ಸ್ವಲ್ಪ ನಕ್ಕುಬಿಟ್ಟೆ" ಎಂದಳು.

"ಸ್ವಲ್ಪ ಅಲ್ಲ," ಬಾಗಿಲಲ್ಲಿ ನಿಂತಿದ್ದ ಅಕ್ಕ ತಿದ್ದಿದಳು, "ಹೊಟ್ಟೆ ಹಿಡ್ಕೊಂಡು ನಕ್ಕೆ."